ಊರಾಚೆಯ ನೀರು

ಚೈತ್ರ ಕಳೆದು ವೈಶಾಖ ಕಾಲಿಡುವ ಹೊತ್ತಿಗೆ ಕೊಪ್ಪಳದ ಸೀಮೆಯಲ್ಲಿ ನೀರು ಕಣ್ಣಿಗೆ ಬೀಳುವುದೇ ಅಪರೂಪವಾಗುತ್ತದೆ. ಯಲಬುರ್ಗಾದ ಎರೆಹೊಲಗಳು ಅಂಗೈ ತೂರುವಷ್ಟು ಬಿರುಕು ಬಿಟ್ಟು ಬಾಯ್ದೆರೆದು ಮಲಗುತ್ತವೆ. ಕುಷ್ಟಗಿಯ ಮಸಾರಿ ಭೂಮಿಯಲ್ಲಿ ಗಾಳಿ ಬೀಸಿದತ್ತ ಕೆಂಧೂಳು ಏಳುತ್ತದೆ. ಹಳ್ಳಗಳು ಮರಳಿನ ಹಾದಿಗಳಾಗುತ್ತವೆ. ಕೆರೆಯಂಗಳದ ಕೆಸರಿನಲ್ಲಿ ದನಗಳು ಮೂಡಿಸಿದ ಗೊರಸಿನ ಗುರುತುಗಳು ಒಣಗಿ ಕಲ್ಲಿನಂತಾಗುತ್ತವೆ. ಗಂಗಾವತಿಯ ಕಡೆ ಕಾಲುವೆಯ ಕೃಪೆಯಿಂದ ಹಸಿರು ಹೆಚ್ಚು ದಿನ ಉಳಿಯುವುದು ನಿಜ. ಆದರೆ ಎರಡನೆಯ ಬೆಳೆಯ ಕೊಯಿಲು ಮುಗಿದು ಕಾಲುವೆಯ ನೀರು ನಿಂತಿತೆಂದರೆ ಅಲ್ಲಿಯ ಗದ್ದೆಗಳೂ ಬರಿದಾಗುತ್ತವೆ. ಇಂಥ ಬಿಸಿಲಿನಲ್ಲಿಯೂ ಬತ್ತದ ನೀರು ಒಂದುಂಟು. ಮನೆಮನೆಯ ಬಚ್ಚಲಿನಿಂದ, ಅಡುಗೆಮನೆಯಿಂದ, ಶೌಚಾಲಯದಿಂದ ಹೊರಬಿದ್ದು, ಚರಂಡಿಯ ಹಾದಿ ಹಿಡಿದು, ಊರು ಮೂಗು ಮುಚ್ಚಿಕೊಂಡು ಆಚೆಗಟ್ಟಿದ ನೀರು ಅದು. ಊರಿಗೆ ನಲ್ಲಿಯ ನೀರು ಬರುತ್ತಿರುವವರೆಗೆ ಊರಾಚೆಗೆ ಈ ನೀರು ಹೋಗಿಯೇ ತೀರುತ್ತದೆ.

ಬೆಳಗಿನ ಹೊತ್ತು ಅಂಥ ನೀರಿನ ದಂಡೆಯಲ್ಲಿ ಸ್ವಲ್ಪ ಕಾಲ ನಿಂತು ನೋಡಿದವರಿಗೆ ಮೊದಲು ಆಶ್ಚರ್ಯವೂ ಆಮೇಲೆ ತುಸು ನಾಚಿಕೆಯೂ ಆಗುತ್ತದೆ. ಮನುಷ್ಯ ಹೇಸಿ ಬಿಟ್ಟ ಜಾಗದಲ್ಲಿ ಹಕ್ಕಿಗಳ ಸಂತೆಯೇ ನೆರೆದಿರುತ್ತದೆ. ಗುಲಾಬಿ ಬಣ್ಣದ ಕಡ್ಡಿಯಂಥ ಕಾಲುಗಳ ಮೇಲೆ ಮೆಟ್ಟುಗಾಲು ಹಕ್ಕಿಗಳು, ಕೆಸರು ಮೈಗೆ ತಾಗೀತೆಂಬ ಅಂಜಿಕೆಯಿಂದಲೋ ಎಂಬಂತೆ, ಅಳೆದು ಸುರಿದು ಹೆಜ್ಜೆಯಿಡುತ್ತವೆ. ಹಣೆಯ ಮೇಲೆ ಬಿಳಿಯ ನಾಮವಿಟ್ಟುಕೊಂಡ ನಾಮದ ಕೋಳಿ ಗಂಭೀರವಾಗಿ ತೇಲುತ್ತದೆ. ಗುಳುಮುಳುಕ ಕಣ್ಣೆದುರಿಗೇ ಮುಳುಗಿ ಎಣಿಸದ ಕಡೆ ತಲೆಯೆತ್ತುತ್ತದೆ. ಬೆಳ್ಳಕ್ಕಿಗಳ ಬಿಳುಪಿಗೆ ಆ ನೀರು ಒಂದು ಕಲೆಯನ್ನೂ ಅಂಟಿಸಿರುವುದಿಲ್ಲ. ಇವೆಲ್ಲ ಊರಿನ ನಿವಾಸಿಗಳು. ಕಾರ್ತಿಕ ಮಾಸದಿಂದ ಶಿವರಾತ್ರಿಯವರೆಗೆ ಬಂದರೆ ಪರದೇಶದ ನೆಂಟರನ್ನೂ ಕಾಣಬಹುದು: ಬಾಲ ಕುಣಿಸುವ ಸಿಪಿಲೆಗಳು, ಕೆಸರಿನಲ್ಲಿ ಕೊಕ್ಕು ಕುಟ್ಟುವ ಗೊರವಗಳು, ಸಲಿಕೆಯಂಥ ಕೊಕ್ಕನ್ನು ನೀರಿನ ಮೇಲೆ ಇಟ್ಟುಕೊಂಡು ಜರಡಿ ಹಿಡಿಯುತ್ತ ಸಾಗುವ ಚಲುಕ ಬಾತುಗಳು. ಉತ್ತರ ಏಷ್ಯದ ಬಯಲುಗಳಲ್ಲಿ ಹುಟ್ಟಿದ ಈ ಬಾತು ಸಾವಿರಾರು ಮೈಲಿ ಹಾರಿ ಬಂದು ಬಯಲುಸೀಮೆಯ ಚರಂಡಿ ಹೊಂಡವನ್ನು ಆರಿಸಿಕೊಳ್ಳುವುದೆಂದರೆ ಅದಕ್ಕೆ ಕಾರಣವಿರಲೇಬೇಕು.

ಕಾರಣ ಬಹಳ ಸರಳವಾದದ್ದು. ಅಲ್ಲಿ ಊಟ ಸಿಕ್ಕುತ್ತದೆ. ಕೊಳಚೆ ನೀರನ್ನು ಯಂತ್ರಗಳ ಹೆಚ್ಚಿನ ನೆರವಿಲ್ಲದೆ ತಿಳಿಗೊಳಿಸಲು ಎಂಜಿನಿಯರುಗಳು ಸಾಲಾಗಿ ಹೊಂಡಗಳನ್ನು ತೋಡುವ ಕ್ರಮವೊಂದುಂಟು. ಮೊದಲನೆಯ ಹೊಂಡ ಆಳವಾದದ್ದು. ಗಸಿಯೆಲ್ಲ ಅಲ್ಲಿ ತಳಕ್ಕಿಳಿದು, ಗಾಳಿ ಬೇಡದ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಕೊಳೆಯುತ್ತದೆ. ದುರ್ವಾಸನೆ ಹೆಚ್ಚಾಗಿ ಇಲ್ಲಿಯದೇ. ಎರಡನೆಯದು ಆಳ ಕಡಮೆಯ ವಿಶಾಲವಾದ ಹೊಂಡ. ಬಿಸಿಲು ಬಿದ್ದ ನೀರಿನಲ್ಲಿ ಪಾಚಿ ಹುಟ್ಟುತ್ತದೆ. ಪಾಚಿ ಆಮ್ಲಜನಕವನ್ನು ಬಿಡುತ್ತದೆ. ಆ ಆಮ್ಲಜನಕವನ್ನು ಉಸಿರಾಡುವ ಸೂಕ್ಷ್ಮಜೀವಿಗಳು ಉಳಿದ ಕೊಳೆಯನ್ನು ತಿಂದು ಪಾಚಿಗೆ ಬೇಕಾದ ಗೊಬ್ಬರವನ್ನು ಹಿಂದಿರುಗಿಸುತ್ತವೆ. ಹೀಗೆ ಪರಸ್ಪರ ಕೊಟ್ಟು ತೆಗೆದುಕೊಳ್ಳುವ ಈ ವ್ಯಾಪಾರಕ್ಕೆ ಬಂಡವಾಳ ಸೂರ್ಯನದು. ಮೂರನೆಯ ಹೊಂಡ ಇನ್ನೂ ತೆಳುವಾದದ್ದು. ಅಲ್ಲಿ ನೀರು ದಿನಗಟ್ಟಲೆ ಬಿಸಿಲು ಕಾಯುತ್ತ ನಿಂತು ರೋಗಾಣುಗಳನ್ನು ಕಳೆದುಕೊಳ್ಳುತ್ತದೆ. ಪಾಚಿಯಿದ್ದೆಡೆ ಅದನ್ನು ಮೇಯುವ ನೀರಿನ ಕ್ರಿಮಿಗಳು, ಕೆಸರಿದ್ದೆಡೆ ನೂಲಿನಂಥ ಕೆಂಪು ಹುಳುಗಳು, ಅವು ಬೆಳೆದು ರೆಕ್ಕೆ ಮೂಡಿದರೆ ಸಂಜೆಯ ಗಾಳಿಯಲ್ಲಿ ಸೊಳ್ಳೆಯ ಮೋಡಗಳಂತೆ ತೇಲುವ ನೊಣಗಳು. ಚಲುಕ ಬಾತಿನ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಎಳೆಗಳಿರುವುದು ಇಂಥ ನೀರನ್ನು ಸೋಸುವುದಕ್ಕೇ. ಅಂದಮೇಲೆ ಅದು ತಿಳಿನೀರಿನ ಕೊಳವನ್ನು ದಾಟಿಕೊಂಡು ಇಲ್ಲಿಗೆ ಬಂದರೆ ಅದರ ಬುದ್ಧಿಯನ್ನು ಹಳಿಯುವಂತಿಲ್ಲ.

ಈ ಸೀಮೆಯ ಹಕ್ಕಿಗಳಿಗೆ ಮನುಷ್ಯ ಮಾಡಿದ ನೀರು ಹೊಸದೂ ಅಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಶಾಸನಗಳನ್ನು ಬರೆಯಿಸಿದ ಅಶೋಕ ಚಕ್ರವರ್ತಿ, ತನ್ನ ಪಟ್ಟಾಭಿಷೇಕದ ಇಪ್ಪತ್ತಾರನೆಯ ವರ್ಷದಲ್ಲಿ ಉತ್ತರದ ಕಂಬಗಳ ಮೇಲೆ ಕೆತ್ತಿಸಿದ ಆಜ್ಞೆಯೊಂದರಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಗಿಳಿ, ಗೊರವಂಕಗಳ ಜೊತೆಗೆ ಚಕ್ರವಾಕವೂ ಹಂಸವೂ ಅದರಲ್ಲಿವೆ. ಆ ನೀರ್ವಕ್ಕಿಗಳ ವಂಶದವು ಈ ಒಣ ನಾಡಿನಲ್ಲಿ ನೆಲೆಯೂರಲು ನೆರವಾದದ್ದು ಮುಂದೆ ಊರೂರಿನವರು ಕಟ್ಟಿದ ಕೆರೆಗಳು. 1931-32ರಲ್ಲಿ ಪಕ್ಷಿತಜ್ಞ ಸಾಲಿಂ ಅಲಿಯವರು ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ನಡೆಸಿದಾಗ ಕೊಪ್ಪಳ ಆ ಸಂಸ್ಥಾನಕ್ಕೆ ಸೇರಿದ್ದಿತು. ತುಂಗಭದ್ರೆಗೆ ಆಗಿನ್ನೂ ಅಣೆಕಟ್ಟು ಇರಲಿಲ್ಲ. 1953ರಲ್ಲಿ ಮುನಿರಾಬಾದಿನ ಬಳಿಯ ಅಣೆಕಟ್ಟು ಪೂರ್ಣಗೊಂಡು ನೀರು ನಿಂತಿತು; ಎಡದಂಡೆಯ ಕಾಲುವೆ ಗಂಗಾವತಿಯನ್ನು ಬತ್ತದ ಕಣಜವನ್ನಾಗಿ ಮಾಡಿತು. ಹಳ್ಳಿಗಳು ಮುಳುಗಿದವು, ಜನ ನೆಲೆ ಕಳೆದುಕೊಂಡರು, ಹೊಲಗಳಿಗೆ ನೀರು ಬಂದಿತು. ಈ ಲೆಕ್ಕದಲ್ಲಿ ಯಾರೂ ಎಣಿಸದಿದ್ದ ಫಲವೆಂದರೆ ಹಕ್ಕಿಗಳು. ಈಗ ಹಿನ್ನೀರು ಇಳಿದು ಕೆಸರು ತೆರೆದುಕೊಳ್ಳುವ ತಿಂಗಳುಗಳಲ್ಲಿ ಅಲ್ಲಿ ಬಣ್ಣದ ಕೊಕ್ಕರೆಗಳು ಸಾಲುಗಟ್ಟುತ್ತವೆ. ಹಿನ್ನೀರಿನ ಆಚೆ ದಡದ ಸೀಮೆಯಲ್ಲಿರುವ ಅಂಕಸಮುದ್ರದ ಕೆರೆಯೂ, ನೆರೆಯ ಗದಗ ಜಿಲ್ಲೆಯಲ್ಲಿ ಹಿಮಾಲಯವನ್ನು ದಾಟಿಬಂದ ಪಟ್ಟೆತಲೆ ಹೆಬ್ಬಾತುಗಳು ತಂಗುವ ಮಾಗಡಿ ಕೆರೆಯೂ 2024ರಲ್ಲಿ ರಾಮ್ಸಾರ್ ಪಟ್ಟಿಯನ್ನು ಸೇರಿ ಲೋಕಪ್ರಸಿದ್ಧವಾದವು. ಅವೂ ಮನುಷ್ಯ ಕಟ್ಟಿದ ಕೆರೆಗಳೇ. ಅರಸರು ಮತ್ತು ಊರವರು ಕಟ್ಟಿದ ನೀರು ಒಂದು, ಸರ್ಕಾರ ಕಟ್ಟಿದ ನೀರು ಇನ್ನೊಂದು. ಕಟ್ಟಬೇಕೆಂದು ಯಾರೂ ಬಯಸದೆ ತಾನಾಗಿ ನಿಂತ ಚರಂಡಿಯ ನೀರು ಮೂರನೆಯದು. ಹಕ್ಕಿ ಈ ಮೂರರ ನಡುವೆ ಕುಲಭೇದವನ್ನೆಣಿಸುವುದಿಲ್ಲ.

ಹಾಗೆಂದು ಹೊಲಸನ್ನು ಹೊಗಳುವ ಹುಚ್ಚಿಗೆ ಹೋಗಬಾರದು. ಹೊಂಡದಲ್ಲಿ ನಿಂತು ತಿಳಿಯಾಗುವ ನೀರು ಬೇರೆ, ಹಾಗೆಯೇ ಹಳ್ಳಕ್ಕೆ ನುಗ್ಗುವ ನೀರು ಬೇರೆ. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೀರಿನ ಮೇಲೆ ಬೆಂಕಿ ಎದ್ದುದನ್ನು ನಾಡೆಲ್ಲ ಕಂಡಿತು. ಕೊಪ್ಪಳದ ಹಿರೇಹಳ್ಳವೂ ಜಾಲಿಯ ಪೊದೆ, ಹೂಳು, ಕಸಗಳಿಂದ ಕಟ್ಟಿಕೊಂಡು ಹಳ್ಳವೆಂಬ ಹೆಸರನ್ನಷ್ಟೇ ಉಳಿಸಿಕೊಂಡಿದ್ದ ಕಾಲವಿತ್ತು. 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತಾವೇ ಹಳ್ಳಕ್ಕಿಳಿದು, ಜನರನ್ನು ಕೂಡಿಸಿ, ಸುಮಾರು 26 ಕಿಲೋಮೀಟರು ಉದ್ದಕ್ಕೆ ಅದನ್ನು ಹಸನುಗೊಳಿಸಿದರು. ಅದೇ ವರ್ಷ ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳನ್ನು ಜನರು ತಾವೇ ಮುಂದಾಗಿ ತೆಗೆಸಿದರು. ಅದಕ್ಕೂ ಮೊದಲು, 2017ರಲ್ಲಿ, ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳೆತ್ತುವ ಕೆಲಸವನ್ನು ಚಿತ್ರನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಕೈಗೊಂಡಿತ್ತು. ಕೆರೆಗಳು ತುಂಬಿದರೆ ಹಕ್ಕಿಗೂ ಅದೇ ಸುಖ. ಆದರೆ ಮಳೆ ಕೈಕೊಟ್ಟ ವರ್ಷ ಹೂಳು ತೆಗೆದ ಕೆರೆಯೂ ಬರಿದೇ ಅಲ್ಲವೆ? ಆ ವರ್ಷದ ಬೇಸಿಗೆಯಲ್ಲಿ ಹಕ್ಕಿ ಮತ್ತೆ ಊರಾಚೆಯ ನೀರಿನ ದಂಡೆಗೇ ಬಂದು ನಿಲ್ಲುತ್ತದೆ. ಹೊಲಸು ಹೆಚ್ಚಲಿ ಎಂಬುದಲ್ಲ. ಹೇಗೂ ಬರುವ ಈ ನೀರು ಸರಿಯಾದ ಹೊಂಡಗಳಲ್ಲಿ ನಿಂತು, ತಿಳಿಯಾಗಿ, ಹಕ್ಕಿಗೂ ಹೊಲಕ್ಕೂ ಒದಗಲಿ ಎಂಬುದಷ್ಟೇ ಇಲ್ಲಿಯ ಆಶಯ.

ಬೇರೆ ಕಡೆಗಳಲ್ಲಿ ಇದು ಆಶಯವಾಗಿ ಉಳಿದಿಲ್ಲ. ಕೋಲ್ಕತ್ತದ ಪೂರ್ವಕ್ಕೆ ಸುಮಾರು 12,500 ಹೆಕ್ಟೇರಿನಷ್ಟು ಜೌಗು ನೆಲದಲ್ಲಿ ನಗರದ ಕೊಳಚೆ ನೀರಿನಿಂದಲೇ ಮೀನು ಸಾಕುವ ಜನರಿದ್ದಾರೆ; ಅವರ ವಿದ್ಯೆಯನ್ನು ಲೋಕಕ್ಕೆ ತಿಳಿಸಿದವರು ಧ್ರುವಜ್ಯೋತಿ ಘೋಷ್ ಎಂಬ ಎಂಜಿನಿಯರರು. ಆ ನೆಲ 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಬೆಂಗಳೂರಿನ ಜಕ್ಕೂರು ಕೆರೆಗೆ ಬರುವ ಶುದ್ಧೀಕರಿಸಿದ ನೀರು ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾದು ಆಮೇಲೆ ಕೆರೆಯನ್ನು ಸೇರುತ್ತದೆ. ಹೆಜ್ಜಾರ್ಲೆಗಳು ಅಲ್ಲಿ ಈಜುತ್ತಿರುವಾಗ ಏರಿಯ ಮೇಲೆ ಜನ ಬೆಳಗಿನ ನಡಿಗೆಗೆ ಬರುತ್ತಾರೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಕಥೆ ಎಲ್ಲಕ್ಕಿಂತ ಹಳೆಯದು. ಆ ನಗರದ ಕೊಳಚೆ ನೀರು ಅರ್ಧದಷ್ಟು ವೆರಿಬಿ ಎಂಬಲ್ಲಿಯ ಹೊಂಡಗಳಿಗೆ ಹೋಗುತ್ತದೆ. 1897ರಿಂದ ನಡೆದುಬಂದಿರುವ, ಸುಮಾರು 10,500 ಹೆಕ್ಟೇರು ವಿಸ್ತಾರದ ಆ ತಾಣದಲ್ಲಿ ಮುನ್ನೂರರ ಸಮೀಪದಷ್ಟು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಅಲ್ಲಿಗೆ ಯಾರು ಬೇಕಾದರೂ ನುಗ್ಗುವಂತಿಲ್ಲ. ಹಕ್ಕಿ ನೋಡುವವರು ಅರ್ಜಿ ಹಾಕಿ ಪರವಾನಗಿ ಪಡೆಯಬೇಕು. ಪಡೆದವರ ಕೈಗೆ ಬಾಗಿಲಿನ ಬೀಗದ ಕೈಯನ್ನೇ ಕೊಡುತ್ತಾರೆ. ತೆರೆದ ಬಾಗಿಲನ್ನು ಮತ್ತೆ ಮುಚ್ಚುವ ಹೊಣೆ ಒಳಹೊಕ್ಕವರದು. ಅಪರಿಚಿತನ ಕೈಗೆ ಬೀಗದ ಕೈ ಕೊಡುವಷ್ಟು ನಂಬಿಕೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಹೋದವರು ಹೋದಂತೆಯೇ ಹಿಂದಿರುಗಿದ್ದರಿಂದ ಅದು ವರ್ಷ ವರ್ಷಕ್ಕೆ ಬೆಳೆದುಬಂದಿತು.

ಬೇಲಿಯೂ ಬಾಗಿಲೂ ಅಲ್ಲಿ ಸುಮ್ಮನೆ ಇರುವುದಿಲ್ಲ. ಮೊದಲನೆಯ ಹೊಂಡದ ಮೇಲೆ ಕೆನೆಗಟ್ಟಿ ಒಣಗಿದ ಗಸಿ ದೂರದಿಂದ ಗಟ್ಟಿ ನೆಲದಂತೆ ಕಾಣುತ್ತದೆ. ಅದರ ಮೇಲೆ ಹುಲ್ಲು ಸಹ ಹುಟ್ಟಿರಬಹುದು. ಕಾಲಿಟ್ಟವನು ನೇರವಾಗಿ ಒಳಗೆ. ನೀರು ಇಂಗದಿರಲೆಂದು ಹೊಂಡದ ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿತೆಂದರೆ ಈಜು ಬಲ್ಲವನೂ ಏರಿ ಬರಲಾರ. ಮುಚ್ಚಿದ ಗುಂಡಿಗಳಲ್ಲಿ ಕೊಳೆತ ಮೊಟ್ಟೆಯ ವಾಸನೆಯ ವಿಷವಾಯು ಸೇರಿಕೊಂಡಿರುತ್ತದೆ. ಅದು ಹೆಚ್ಚಾದಾಗ ಮೂಗು ವಾಸನೆಯನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುವುದರಿಂದ ಅಪಾಯ ಇನ್ನೂ ಹೆಚ್ಚು. ಇಂಥ ಗುಂಡಿಗಳಿಗೆ ಇಳಿದು ಪ್ರಾಣ ಕಳೆದುಕೊಂಡ ಕಾರ್ಮಿಕರ ಸುದ್ದಿ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತಿದೆ. ತಲೆಯ ಮೇಲೆ ಮಲ ಹೊರುವ ಹೀನ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿಯೇ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು, ಮನುಷ್ಯನನ್ನು ಗುಂಡಿಗಿಳಿಸಿ ಹೊಲಸು ತೆಗೆಯಿಸುವುದರ ವಿರುದ್ಧ 2013ರಲ್ಲಿ ಇಡೀ ದೇಶಕ್ಕೆ ಕಾನೂನು ಬಂದಿತು. ಆದ್ದರಿಂದ ಹಕ್ಕಿ ನೋಡಲು ಹೋದವನು ಅಲ್ಲಿ ಹಕ್ಕಿಯನ್ನು ಮಾತ್ರ ಕಂಡು ಬಂದರೆ ಅವನ ಕಣ್ಣು ಅರ್ಧವೇ ತೆರೆದಿದೆಯೆನ್ನಬೇಕು. ಆ ನೀರನ್ನು ಹಗಲಿರುಳು ಕಾಯುವ, ಜಾಲರಿಗೆ ಸಿಕ್ಕಿಬಿದ್ದ ಚಿಂದಿ ಕಸವನ್ನು ತೆಗೆಯುವ ಮನುಷ್ಯರಿಗೆ ಅದು ವಿಹಾರದ ತಾಣವಲ್ಲ, ದುಡಿಮೆಯ ಸ್ಥಳ. ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ ಅವರನ್ನು ಒಂದು ಮಾತು ಕೇಳುವುದು ಮರ್ಯಾದೆ.

ಇಂಥ ಒಂದು ಬಾಗಿಲಿನ ಮುಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೊರಳಿಗೆ ಹಳೆಯ ದುರ್ಬೀನು ತೂಗುಹಾಕಿಕೊಂಡು ಸೈಕಲ್ಲಿನಿಂದ ಇಳಿದನೆನ್ನಿ. ಬೇವಿನ ನೆರಳಿನಲ್ಲಿ ಕುಳಿತ ಕಾವಲುಗಾರ ತಲೆಯೆತ್ತುತ್ತಾನೆ.

“ಯಾಕ ತಮ್ಮಾ, ಇಲ್ಲೇನ್ ಕೆಲಸ ನಿಂದು?”

“ಹಕ್ಕಿ ನೋಡಾಕ ಬಂದೀನ್ರಿ ಕಾಕಾ.”

“ಹಕ್ಕಿ ನೋಡಾಕ ಈ ಹೊಲಸಿಗೆ ಬರ್ತಾರೇನು? ಕೆರಿ ಕಡೆ ಹೋಗು.”

“ಕೆರಿ ಬತ್ತೈತ್ರಿ. ಹಕ್ಕಿ ಎಲ್ಲಾ ಇಲ್ಲೇ ಅದಾವು.”

“ಇದ್ದರ ಇರಲಿ. ನೀ ಒಳಗ ಕಾಲು ಜಾರಿ ಬಿದ್ದಿ ಅಂದ್ರ ನನ್ನ ಕೊಳ್ಳಿಗೆ ಬರ್ತೈತಿ. ಹೋಗು, ಮನಿಗೆ ಹೋಗು.”

ಕಾವಲುಗಾರನ ಮಾತು ಕಟುವಾಗಿ ಕೇಳಿಸಬಹುದು. ಆದರೆ ಅದರಲ್ಲಿ ತಪ್ಪೇನೂ ಇಲ್ಲ. ಹುಡುಗನಿಗೇನಾದರೂ ಆದರೆ ಮೊದಲು ಕೆಲಸ ಕಳೆದುಕೊಳ್ಳುವವನು ಅವನೇ. ಈ ಘಟ್ಟದಲ್ಲಿ ಹುಡುಗನ ಮುಂದೆ ಎರಡು ದಾರಿಗಳಿರುತ್ತವೆ. ಹಿಂಬದಿಯಲ್ಲಿ ಬೇಲಿ ಹರಿದಿರುವ ಜಾಗ ಎಲ್ಲ ಊರುಗಳಲ್ಲಿಯೂ ಹುಡುಗರಿಗೆ ಗೊತ್ತಿರುತ್ತದೆ. ಅಲ್ಲಿ ನುಸುಳಿದರೆ ಅಂದಿಗೆ ಹಕ್ಕಿಗಳನ್ನು ಕಾಣಬಹುದು. ಆದರೆ ಮರುದಿನ ಆ ಕಿಂಡಿಗೆ ಮುಳ್ಳು ಬಡಿಯುತ್ತಾರೆ, ಮುಂದೆ ನ್ಯಾಯವಾಗಿ ಕೇಳಲು ಬಂದವನಿಗೂ ಇಲ್ಲವೆನ್ನುತ್ತಾರೆ. ಎರಡನೆಯ ದಾರಿ ಉದ್ದನೆಯದು, ಬೇಸರದ್ದು. ಕೊಪ್ಪಳ, ಗಂಗಾವತಿಗಳಲ್ಲಿ ನಗರಸಭೆಯ ಪೌರಾಯುಕ್ತರಿಗೆ, ಕುಷ್ಟಗಿಯಲ್ಲಾದರೆ ಪುರಸಭೆಯ, ಯಲಬುರ್ಗಾದಲ್ಲಾದರೆ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಗಳಿಗೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯೊಡನೆ ಒಂದು ಅರ್ಜಿ ಬರೆಯಬೇಕು. ಬರುವವರು ಯಾರು, ಎಷ್ಟು ಮಂದಿ, ಜೊತೆಗಿರುವ ಹಿರಿಯರು ಯಾರು, ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಏಕೆ ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ಮೊದಲ ಅರ್ಜಿ ಕಡತದೊಳಗೆ ನಿದ್ದೆಹೋದರೆ ಎರಡನೆಯದನ್ನು ಬರೆಯಬೇಕು. ಕಚೇರಿಯ ಜಗುಲಿಯಲ್ಲಿ ಅರ್ಧ ದಿನ ಕಾಯುವ ತಾಳ್ಮೆಯಿಲ್ಲದವನು ಗೊರವ ಕೆಸರಿನಿಂದ ಹುಳು ಎಳೆಯುವುದನ್ನು ನೋಡುವ ತಾಳ್ಮೆಯನ್ನು ಎಲ್ಲಿಂದ ತಂದಾನು?

ಅಧಿಕಾರಿಗೂ ಇದರಿಂದ ಲಾಭವಿಲ್ಲದೆ ಇಲ್ಲ. ಪ್ರತಿ ಜನವರಿಯಲ್ಲಿ ಏಷ್ಯದ ನೀರ್ವಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ಸಾಗಿಬಂದಿರುವ ಈ ಕೆಲಸದಲ್ಲಿ ಹವ್ಯಾಸಿಗಳೇ ಎಣಿಸುವವರು. ತಿಂಗಳಿಗೊಮ್ಮೆ ಬಂದು ಎಣಿಸಿದ ಹಕ್ಕಿಗಳ ಲೆಕ್ಕವನ್ನು ಹುಡುಗರು ಕಚೇರಿಗೂ ಒಂದು ಪ್ರತಿ ಕೊಟ್ಟರೆ, ಅದು ಹೊಂಡಗಳ ಆರೋಗ್ಯದ ದಿನಚರಿಯಂತೆ. ಇದ್ದಕ್ಕಿದ್ದಂತೆ ಹಕ್ಕಿಗಳು ಕಡಮೆಯಾದವೆಂದರೆ ನೀರಿನಲ್ಲಿ ಏನೋ ಕೆಟ್ಟಿರಬಹುದು. ಒಂದೆರಡು ಹಕ್ಕಿಗಳು ಕತ್ತು ಜೋಲಿಸಿ ದಡದಲ್ಲಿ ಬಿದ್ದಿದ್ದರೆ ಅದಿನ್ನೂ ದೊಡ್ಡ ಎಚ್ಚರಿಕೆ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಬಾರ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಕೊಳೆತ ಪದಾರ್ಥದಲ್ಲಿ ಬೆಳೆಯುವ ಸೂಕ್ಷ್ಮಜೀವಿಯ ವಿಷದಿಂದ ಸತ್ತವು. ಸತ್ತ ಹಕ್ಕಿಯನ್ನು ಕೈಯಿಂದ ಮುಟ್ಟದೆ, ಪಶುವೈದ್ಯರಿಗೆ ಆ ದಿನವೇ ಸುದ್ದಿ ಮುಟ್ಟಿಸುವುದು ನೋಡುಗನ ಮೊದಲ ಕರ್ತವ್ಯ. ಅಲ್ಲಿಂದ ಹೊರಬಂದೊಡನೆ ಸೋಪು ಹಚ್ಚಿ ಕೈ ತೊಳೆಯದೆ ಬುತ್ತಿ ಬಿಚ್ಚಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ತೊಡಕೂ ಇದೆ. ಒಳಗೆ ಹೋದವನ ಕಣ್ಣಿಗೆ ಹಕ್ಕಿಗಳಲ್ಲದೆ ಬೇರೆಯದೂ ಬೀಳಬಹುದು: ಯಂತ್ರ ಕೆಟ್ಟು ನಿಂತಿರುವುದು, ತಿಳಿಯಾಗದ ನೀರು ರಾತ್ರಿ ಹೊತ್ತು ಹಳ್ಳಕ್ಕೆ ಹರಿದ ಗುರುತು, ಕೈಗವಸಿಲ್ಲದೆ ದುಡಿಯುವ ಕಾರ್ಮಿಕ. ಹೇಳಿದರೆ ಬಾಗಿಲು ಮುಚ್ಚೀತೆಂಬ ಭಯ. ಹೇಳದಿದ್ದರೆ ಹಳ್ಳದ ಕೆಳಗಿನ ಊರಿನವರು ಅದೇ ನೀರನ್ನು ದನಗಳಿಗೆ ಕುಡಿಸುತ್ತಾರೆ. ಬೀಗದ ಕೈಗೆ ಮೌನವನ್ನು ಬೆಲೆಯಾಗಿ ತೆರಬೇಕಾಗಿ ಬಂದರೆ ಆ ಬೆಲೆ ಹೆಚ್ಚಾಯಿತು. ಆದರೆ ಒಳಗೆ ಬಿಟ್ಟವರಿಗೆ ತಿಳಿಸದೆ ನೇರವಾಗಿ ಸಂತೆಯಲ್ಲಿ ಡಂಗುರ ಹೊಡೆಯುವುದೂ ಸೌಜನ್ಯವಲ್ಲ. ಕಂಡದ್ದನ್ನು ಕಂಡಷ್ಟೇ, ದಿನಾಂಕ ಹಾಕಿ, ಮೊದಲು ಆ ಕಚೇರಿಗೇ ಬರೆದು ಕೊಟ್ಟು, ಸರಿಪಡಿಸಲು ಕಾಲಾವಕಾಶ ಕೊಡುವುದು ನ್ಯಾಯ. ಆಮೇಲೂ ಸರಿಹೋಗದಿದ್ದರೆ ಮೇಲಿನವರಿಗೆ ಬರೆಯಬೇಕು. ಬಾಗಿಲು ಮುಚ್ಚಿದರೆ ಮುಚ್ಚಲಿ.

ಇನ್ನು ಒಳಗೆ ನಡೆದುಕೊಳ್ಳುವ ಬಗೆ. ಬೇಸಿಗೆಯಲ್ಲಿ ಒಡ್ಡಿನ ಮೇಲೆ ನಡೆಯುವಾಗ ಟಿಟ್ಟಿಭವೊಂದು ಕಿರುಚುತ್ತ ತಲೆಯ ಮೇಲೆ ಸುತ್ತತೊಡಗಿದರೆ, ಅದು ಸ್ವಾಗತವಲ್ಲ. ಆ ಜರಿಕಲ್ಲಿನ ನೆಲದಲ್ಲಿಯೇ ಎಲ್ಲೋ ನಾಲ್ಕು ಮೊಟ್ಟೆಗಳಿವೆ. ಗೂಡೆಂಬುದು ಹೆಸರಿಗೆ ಮಾತ್ರ. ಹರಳುಗಳ ನಡುವೆ ಒಂದು ತಗ್ಗು, ಅದರಲ್ಲಿ ಹರಳಿನ ಬಣ್ಣದವೇ ಆದ ಮೊಟ್ಟೆಗಳು. ನಾಲ್ಕು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಕಂಡಾಗ ಕಾಲು ಅದರ ಮೇಲೆಯೇ ಇದ್ದೀತು. ಕೊಪ್ಪಳದ ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುತ್ತದೆ. ಕಾದ ಕಲ್ಲಿನ ಬಿಸಿ ಅದಕ್ಕಿಂತಲೂ ಹೆಚ್ಚು. ಅಂಥ ಹೊತ್ತಿನಲ್ಲಿ ತಾಯಿಹಕ್ಕಿ ಮೊಟ್ಟೆಗಳ ಮೇಲೆ ಕೂರುವುದು ಕಾವು ಕೊಡುವುದಕ್ಕಲ್ಲ, ನೆರಳು ಕೊಡುವುದಕ್ಕೆ. ಅದು ನೀರಿಗೆ ಹೋಗಿ ಎದೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಗೊಳಿಸುತ್ತದೆ. ಗಂಡೂ ಹೆಣ್ಣೂ ಸರದಿಯ ಮೇಲೆ ಈ ನೀರು ಹೊರುವ ಕೆಲಸ ಮಾಡುತ್ತವೆ. ಮೆಟ್ಟುಗಾಲು ಹಕ್ಕಿಗಳೂ ಹಾಗೆಯೇ. ಊರು ಹೇಸಿ ಬಿಟ್ಟ ನೀರು ಆ ಮೊಟ್ಟೆಯೊಳಗಿನ ಜೀವಕ್ಕೆ ಅಮೃತವೆಂದರೆ ಉತ್ಪ್ರೇಕ್ಷೆಯಾಗದು. ಒಳ್ಳೆಯ ಚಿತ್ರ ತೆಗೆಯಬೇಕೆಂದು ಒಬ್ಬನು ಅಲ್ಲಿಯೇ ನಿಂತನೆನ್ನಿ. ತಾಯಿ ಹತ್ತಿರ ಬರುವುದಿಲ್ಲ. ಅವನಿಗೆ ಆ ಹೊತ್ತು ಒಂದು ಗಳಿಗೆ. ಬಿಸಿಲಿಗೆ ಬಿದ್ದ ಮೊಟ್ಟೆಗೆ ಅದು ಆಯುಷ್ಯವೆಲ್ಲ. ಚಿತ್ರದಲ್ಲಿ ಮೊಟ್ಟೆಗಳು ಸುಂದರವಾಗಿಯೇ ಮೂಡುತ್ತವೆ. ಒಳಗಿನ ಜೀವ ಹೋಗಿದೆಯೆಂಬುದು ಚಿತ್ರದಲ್ಲಿ ತಿಳಿಯುವುದಿಲ್ಲ.

ಹುಡುಗ ಎರಡನೆಯ ದಾರಿಯನ್ನೇ ಹಿಡಿದನೆನ್ನಿ. ಅರ್ಜಿ ಒಂದಲ್ಲ ಎರಡು ಹೋದವು; ಗುರುಗಳು ಕಚೇರಿಗೆ ಮೂರು ಬಾರಿ ಅಲೆದರು. ಕೊನೆಗೆ ಮೊಹರು ಬಿದ್ದ ಒಂದು ಕಾಗದ ಬಂದಿತು: ತಿಂಗಳ ಮೊದಲ ಭಾನುವಾರ, ಬೆಳಗಿನ ಆರರಿಂದ ಎಂಟರವರ��ಗೆ, ಶಿಕ್ಷಕರೊಡನೆ ಆರು ಮಂದಿ. ಕಾವಲುಗಾರ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ದಪ್ಪನೆಯ ಪುಸ್ತಕದಲ್ಲಿ ಎಲ್ಲರ ಹೆಸರು ಬರೆಯಿಸಿ, ಬೀಗ ತೆಗೆದ. ಮೊದಲ ತಿಂಗಳು ಅವರ ಹಿಂದೆಯೇ ನೆರಳಿನಂತೆ ತಿರುಗಿದ. ಎರಡನೆಯ ತಿಂಗಳು ದೂರದಿಂದ ನೋಡುತ್ತಿದ್ದ. ಮೂರನೆಯ ತಿಂಗಳು ಹುಡುಗನ ದುರ್ಬೀನನ್ನು ಕೇಳಿ ಪಡೆದು, ಬಹಳ ಹೊತ್ತು ಒಂದೇ ಕಡೆ ಹಿಡಿದು ನೋಡಿ, ಏನನ್ನೂ ಹೇಳದೆ ಹಿಂದಿರುಗಿಸಿದ. ಬೇಸಿಗೆ ಬಂದಿತು. ಏಪ್ರಿಲ್ ತಿಂಗಳ ಭಾನುವಾರ ಮಕ್ಕಳು ಎಂದಿನಂತೆ ಮೂರನೆಯ ಹೊಂಡದ ಕಡೆಗೆ ಹೊರಟಾಗ ಅವನು ಬೇವಿನ ನೆರಳಿನಿಂದ ಎದ್ದು ಓಡುತ್ತ ಬಂದು ದಾರಿಗಡ್ಡ ಕೈ ಚಾಚಿ ನಿಂತ.

“ಆ ಒಡ್ಡಿನ ಮ್ಯಾಲೆ ಇವತ್ತ ಹೋಗಬ್ಯಾಡ್ರಿ ತಮ್ಮಾ, ಈ ಕಡೆ ಸುತ್ತಿ ಬರ್ರಿ. ಟಿಟ್ಟಿಬ ಹಕ್ಕಿ ತತ್ತಿ ಇಟ್ಟೈತಿ. ನಾಲ್ಕ ಅದಾವು.”